ಕಾಲ್ನಡಿಗೆಯ ಪ್ರಯಾಣಕ್ಕೆ ಕೆಡದ ಬುತ್ತಿ

ಯುಗಾದಿಗೆ ಮುನ್ನ ಉತ್ತರ ಕರ್ನಾಟಕದ ಅನೇಕ ರೈತರು ಕಾಲ್ನಡಿಗೆಯಲ್ಲಿ ಶ್ರೀಶೈಲಕ್ಕೆ ಹೊರಡುತ್ತಾರೆ. ಅನ್ನ, ಪಲ್ಯಗಳಲ್ಲಿ ನೀರಿನಂಶ ಹೆಚ್ಚಿರುವುದರಿಂದ ಆ ಬಿಸಿಲಿನಲ್ಲಿ ಕೆಲವೇ ಗಂಟೆಗಳಲ್ಲಿ ಕೆಡುತ್ತವೆ. ಹಳಸಿದ್ದನ್ನು ಉಂಡರೆ ವಾಂತಿ-ಭೇದಿಯಾಗಿ ಪ್ರಯಾಣವೇ ನಿಲ್ಲಬಹುದು. ಆದ್ದರಿಂದ ತೇವವಿಲ್ಲದ, ಹಗುರವಾದ, ಒಲೆ ಬೇಡದ ಪದಾರ್ಥಗಳನ್ನೇ ಆರಿಸಬೇಕು.

ಖಡಕ್ ರೊಟ್ಟಿ, ಶೇಂಗಾ ಚಟ್ನಿ: ರೊಟ್ಟಿಯನ್ನು ಗರಿಗರಿಯಾಗಿ ಒಣಗಿಸಿ, ಪೂರ್ತಿ ಆರಿದ ಮೇಲೆ ಕಟ್ಟಬೇಕು. ಬಿಸಿಯಿರುವಾಗ ಕಟ್ಟಿದರೆ ಬೆವರಿ ಬೂಷ್ಟು ಹಿಡಿಯುತ್ತದೆ. ಚಟ್ನಿಪುಡಿಗೆ ಬೂಷ್ಟು ಹಿಡಿದ, ಸುಕ್ಕುಗಟ್ಟಿದ ಶೇಂಗಾ ಬಳಸಬಾರದು. ಅಂಥ ಬೀಜದಲ್ಲಿರಬಹುದಾದ ಅಫ್ಲಾಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ರಾಗಿ ಹುರಿಹಿಟ್ಟು: 2 ಪಾಲು ಹುರಿಹಿಟ್ಟಿಗೆ 1 ಪಾಲು ಪುಟಾಣಿ ಹಿಟ್ಟು ಬೆರೆಸಬೇಕು. ರಾಗಿಯಿಂದ ಸುಣ್ಣದಂಶ, ಪುಟಾಣಿಯಿಂದ ಸಸಾರಜನಕ ದೊರೆಯುತ್ತವೆ. ಬೆಲ್ಲ ತೇವ ಹೀರುವುದರಿಂದ ಅದನ್ನು ಬೇರೆ ಕಟ್ಟಿಕೊಳ್ಳುವುದು ಒಳ್ಳೆಯದು. ತಿನ್ನುವ ವೇಳೆಗೆ ಕಾಯಿಸಿ ಆರಿಸಿದ ನೀರಿನಲ್ಲಿ ಬೇಕಾದಷ್ಟನ್ನೇ ಕಲಸಬೇಕು. ಕಲಸಿದ್ದನ್ನು ಮರುಹೊತ್ತಿಗೆ ಉಳಿಸಬಾರದು.

ಅಂಗಡಿಯ ಸಿದ್ಧ ಆಹಾರ ಕೊಳ್ಳುವವರು ಪೊಟ್ಟಣದ ಮೇಲಿನ ತಯಾರಿಕೆಯ ದಿನಾಂಕ, ಬಳಕೆಯ ಅವಧಿ ನೋಡಬೇಕು. ಉಬ್ಬಿದ ಅಥವಾ ಸೋರುವ ಪೊಟ್ಟಣವನ್ನು ಮುಟ್ಟಬಾರದು.

ಮನೆಯಲ್ಲಿ ಬೆಳೆದ ಜೋಳ, ರಾಗಿ, ಶೇಂಗಾಗಳಿಂದಲೇ ಇಂಥ ಬುತ್ತಿ ಸಿದ್ಧವಾಗುತ್ತದೆ. ಖರ್ಚೂ ಕಡಿಮೆ, ಆರೋಗ್ಯಕ್ಕೂ ಹಿತ.