ಕೈದಿಗಳ ಕೆರೆಗೆ ಗಾಳ ಹಾಕುವ ಮೊದಲು

ಮೀನು ಹಿಡಿಯಲು ಏನೇನು ಬೇಕು ಎಂದು ಮಲೆನಾಡಿನ ನನ್ನ ಓರಗೆಯವರನ್ನು ಕೇಳಿದರೆ ಬಿದಿರು ಕೋಲು, ದಾರ, ಗಾಳ, ಎರೆಹುಳು ಎಂದು ನಾಲ್ಕು ಬೆರಳು ಮಡಚಿ ಮುಗಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಹತ್ತು ವರ್ಷದ ಮೊಮ್ಮಗನನ್ನು ಕೇಳಿದರೆ ಎರಡು ಹಾಳೆಯ ಪಟ್ಟಿ ಕೊಡುತ್ತಾನೆ. ಈ ಬೇಸಿಗೆಗೆ ನಾನೂ ನನ್ನವಳೂ ಮಗನ ಮನೆಗೆ ಬಂದಿದ್ದೇವೆ. ಆಗಸ್ಟಿನಲ್ಲಿ ಶಾಲೆ ಶುರುವಾಗುವ ಮೊದಲು ಎಲ್ಲರೂ ಬೆಟ್ಟದ ಮೇಲಿನ ಒಂದು ಕೆರೆಗೆ ಹೋಗಿ ಮೀನು ಹಿಡಿಯಬೇಕೆಂದು ಅವನ ಹಟ. ಅವನ ಪಟ್ಟಿಯನ್ನು ತಾಳೆ ನೋಡುವ ಕೆಲಸ ನನಗೆ ಬಂದಿದೆ. ಮೂವತ್ತು ವರ್ಷಕ್ಕೂ ಮೀರಿ ಬ್ಯಾಂಕಿನ ಲೆಡ್ಜರ್ ತಾಳೆ ನೋಡಿದವನಿಗೆ ತಕ್ಕ ಕೆಲಸವೇ.

ಕೆರೆಯ ಹೆಸರು ಕನ್ವಿಕ್ಟ್ ಲೇಕ್. ಅಂದರೆ ಕೈದಿಗಳ ಕೆರೆ! ಹೆಸರು ಕೇಳಿಯೇ ಹುಡುಗ ಇದನ್ನು ಆರಿಸಿದ್ದು. ಇದು ಸಿಯೆರಾ ನೆವಾಡಾ ಪರ್ವತಸಾಲಿನ ಪೂರ್ವದ ಮಗ್ಗುಲಿನಲ್ಲಿದೆ. 1871ರ ಸೆಪ್ಟೆಂಬರಿನಲ್ಲಿ ಕಾರ್ಸನ್ ಸಿಟಿ ಎಂಬ ಊರಿನ ಜೈಲಿನಿಂದ 29 ಕೈದಿಗಳು ತಪ್ಪಿಸಿಕೊಂಡರು. ಅವರಲ್ಲಿ ಕೆಲವರು ದಕ್ಷಿಣಕ್ಕೆ ಓಡಿ, ದಾರಿಯಲ್ಲಿ ಅಂಚೆ ಒಯ್ಯುತ್ತಿದ್ದ ಒಬ್ಬ ಹುಡುಗನನ್ನು ಕೊಂದು, ಈ ಕೆರೆಯ ಕಣಿವೆಯಲ್ಲಿ ಅಡಗಿದರು. ಬೆನ್ನಟ್ಟಿ ಬಂದವರಿಗೂ ಅವರಿಗೂ ಗುಂಡಿನ ಕಾಳಗವಾಯಿತು. ಅದರಲ್ಲಿ ಸತ್ತವರು ಅಂಗಡಿ ವ್ಯಾಪಾರಿ ರಾಬರ್ಟ್ ಮಾರಿಸನ್ ಮತ್ತು ದಾರಿ ತೋರಿಸಲು ಬಂದಿದ್ದ ಮೂಲನಿವಾಸಿ ಮೋನೋ ಜಿಮ್. ಕೆರೆಯ ಮೇಲೆ ಗೋಡೆಯಂತೆ ನಿಂತಿರುವ, ಹನ್ನೆರಡು ಸಾವಿರ ಅಡಿ ಮೀರಿದ ಬೆಟ್ಟಕ್ಕೆ ಈಗ ಮಾರಿಸನ್ ಹೆಸರಿದೆ. ಕೆರೆಗೆ ಮಾತ್ರ ಕೊಂದವರ ಹೆಸರು ಉಳಿದುಕೊಂಡಿತು. ಇದು ನನಗೆ ಅಷ್ಟು ಸರಿ ಕಾಣುವುದಿಲ್ಲ, ಆದರೆ ಮೊಮ್ಮಗನಿಗೆ ಅದೇ ಇಷ್ಟ.

ಕೆರೆ ಎಂದೆನಲ್ಲ, ಇದನ್ನು ಯಾರೂ ಕಟ್ಟಿಸಿದ್ದಲ್ಲ. ಹಿಂದೆ ಇಲ್ಲಿದ್ದ ಹಿಮನದಿ ಕಣಿವೆಯನ್ನು ಕೊರೆದು, ಕಲ್ಲು ಮಣ್ಣನ್ನು ತಳ್ಳಿ ತಂದು ದಿಬ್ಬ ಮಾಡಿ ಹೋಯಿತು. ಆ ದಿಬ್ಬವೇ ಕೆರೆಯ ಏರಿ. ಸುತ್ತು ಹಾಕಲು ನಾಲ್ಕು ಕಿಲೋಮೀಟರ್ ಆದರೂ ಆಳ ಸುಮಾರು 140 ಅಡಿ. ಎತ್ತರವೋ ಏಳೂವರೆ ಸಾವಿರ ಅಡಿ ಮೀರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸಾವಿರ ಅಡಿ ಮೇಲೆ ನಿಂತು ಗಾಳ ಹಾಕಿದಂತೆ.

ಮನೆಯಿಂದ ಅಲ್ಲಿಗೆ ಹೆಚ್ಚುಕಡಿಮೆ 400 ಕಿಲೋಮೀಟರ್. ನಡುವೆ ಯೋಸೆಮಿಟಿ ರಾಷ್ಟ್ರೀಯ ಉದ್ಯಾನದ ಟಯೋಗ ಕಣಿವೆದಾರಿ ದಾಟಬೇಕು. ಅದರ ನೆತ್ತಿ ಸುಮಾರು 3,000 ಮೀಟರ್ ಎತ್ತರದಲ್ಲಿದೆ. ಚಳಿಗಾಲವಿಡೀ ಹಿಮ ಮುಚ್ಚಿ, ಮೇ ಕೊನೆಗೋ ಜೂನಿಗೋ ತೆರೆಯುವ ರಸ್ತೆ ಅದು. 2023ರಲ್ಲಿ ಜುಲೈ 22ರವರೆಗೂ ತೆರೆದಿರಲಿಲ್ಲವಂತೆ. ನಾವು ಆಗಸ್ಟ್ ಎಂದು ಗೊತ್ತು ಮಾಡಿದ್ದು ಅದಕ್ಕೇ. ನನ್ನ ಬಿ.ಪಿ. ಮಾತ್ರೆ, ಇವಳ ಮಂಡಿನೋವು ಎರಡನ್ನೂ ಲೆಕ್ಕಕ್ಕೆ ಹಿಡಿದು, ಹೋದ ದಿನ ಬರೀ ವಿಶ್ರಾಂತಿ, ಮಾರನೆಯ ದಿನ ಮೀನು ಎಂದು ತಿದ್ದಿದ್ದೇನೆ. ಅಷ್ಟು ಎತ್ತರದಲ್ಲಿ ಮೊದಲ ದಿನವೇ ಓಡಾಡಿದರೆ ತಲೆನೋವು, ಏದುಸಿರು ಬರಬಹುದು, ಮಕ್ಕಳಿಗೂ ಬಿಡುವುದಿಲ್ಲ. ಉದ್ಯಾನದಲ್ಲಿ ಅಗ್ಗದ ಹಿರಿಯರ ಪಾಸು ಕೊಡುತ್ತಾರಲ್ಲ ಎಂದು ಆಸೆಪಟ್ಟೆ. ಅದು ಈ ದೇಶದ ಪ್ರಜೆಗಳಿಗೂ ಕಾಯಂ ನಿವಾಸಿಗಳಿಗೂ ಮಾತ್ರವಂತೆ, ನಮ್ಮಂಥ ಅತಿಥಿಗಳಿಗಲ್ಲ.

ಪಟ್ಟಿಯಲ್ಲಿದ್ದ ಚಕ್ಕುಲಿ, ಚಟ್ನಿಪುಡಿಗಳ ಮುಂದೆ ಮಗ ಕೆಂಪು ಗೀಟು ಹಾಕಿದ. ಹೊಡೆದು ಹಾಕಲು ಅಲ್ಲ, ಕರಡಿಯ ನೆನಪಿಗೆ. ಆ ಕಡೆ ಕರಡಿಗಳಿವೆ. ರಾತ್ರಿ ಕಾರಿನಲ್ಲಿ ತಿಂಡಿ ಬಿಟ್ಟರೆ ಬಾಗಿಲನ್ನೇ ಕಿತ್ತು ಒಳಗೆ ಬರುತ್ತವೆ. ಕರಡಿ ತೆರೆಯಲಾರದ ಕಬ್ಬಿಣದ ಪೆಟ್ಟಿಗೆಯಲ್ಲಿ ಎಲ್ಲವನ್ನೂ ಇಡಬೇಕು. ಇಂಗಿನ ಡಬ್ಬಿಯನ್ನು ಕೂಡ!

ಇನ್ನು ಮೀನಿನ ಕಾನೂನು. ಇಲ್ಲಿ ಹದಿನಾರು ತುಂಬಿದವರು ಗಾಳ ಹಾಕಬೇಕಾದರೆ ಲೈಸೆನ್ಸ್ ಬೇಕು. ಒಂದು ದಿನದ ಲೈಸೆನ್ಸೂ ಸಿಗುತ್ತದೆ. ಮೊಮ್ಮಗನಿಗೆ ಬೇಡ, ಅವನ ಅಪ್ಪನಿಗೆ ಬೇಕು. ಆ ಕೆರೆಯಲ್ಲಿ ಏಪ್ರಿಲ್ ಕೊನೆಯ ಶನಿವಾರದಿಂದ ನವೆಂಬರ್ 15ರವರೆಗೆ ಮಾತ್ರ ಟ್ರೌಟ್ ಮೀನು ಹಿಡಿಯಬಹುದು, ಒಬ್ಬರಿಗೆ ದಿನಕ್ಕೆ ಐದು. "ಅಜ್ಜ, ನಿನಗೂ ಲೈಸೆನ್ಸ್ ತಗೊಂಡ್ರೆ ಹದಿನೈದು!" ಎಂದು ಹುಡುಗ ಗುಣಾಕಾರ ಮಾಡಿದ. ನಾನು ಲೆಕ್ಕ ಬರೆಯುವವನಾಗಿಯೇ ಇರುತ್ತೇನಪ್ಪಾ ಎಂದೆ.

ಈ ಟ್ರೌಟಿನ ಜಾತಕವನ್ನೂ ಸ್ವಲ್ಪ ಕೇಳಿ, ಮಕ್ಕಳೇ. ಸಿಯೆರಾದ ಎತ್ತರದ ಕೆರೆಗಳಲ್ಲಿ ಬಹುಪಾಲಿನಲ್ಲಿ ಮೊದಲು ಮೀನೇ ಇರಲಿಲ್ಲ. ಜಲಪಾತಗಳನ್ನು ಹತ್ತಿ ಅವು ಬರುವುದಾದರೂ ಹೇಗೆ? ಮನುಷ್ಯರೇ ಹಾಲಿನ ಕ್ಯಾನುಗಳಲ್ಲಿ ಮರಿಗಳನ್ನು ತುಂಬಿ, ಹೇಸರಗತ್ತೆಗಳ ಮೇಲೆ ಹೇರಿ ತಂದು ಬಿಟ್ಟರು. ಆಮೇಲೆ ವಿಮಾನದಿಂದಲೇ ಮರಿಗಳನ್ನು ನೀರಿಗೆ ಸುರಿಯತೊಡಗಿದರು. ರಸ್ತೆ ಇರುವ ಕನ್ವಿಕ್ಟ್ ಕೆರೆಯಂಥ ಕಡೆಗೆ ಲಾರಿಯಲ್ಲಿ ತಂದು ಬಿಡುತ್ತಾರೆ. ಮೀನು ಬಂದದ್ದು ಒಬ್ಬರಿಗೆ ಕುತ್ತಾಯಿತು. ಆ ಕೆರೆಗಳಲ್ಲಿ ನೆಮ್ಮದಿಯಾಗಿದ್ದ ಹಳದಿ ಕಾಲಿನ ಕಪ್ಪೆಗಳ ಗೊದಮೊಟ್ಟೆಗಳನ್ನು ಟ್ರೌಟುಗಳು ನುಂಗಿದವು. 2001ರಿಂದ ಸಿಕೋಯಾ ಮತ್ತು ಕಿಂಗ್ಸ್ ಕ್ಯಾನಿಯನ್ ಉದ್ಯಾನಗಳ ಕೆಲವು ಕೆರೆಗಳಿಂದ ಮೀನನ್ನು ತೆಗೆಯುತ್ತಿದ್ದಾರೆ. ಅಂಥ ಕೆರೆಗಳಲ್ಲಿ ಕಪ್ಪೆಗಳು ಮತ್ತೆ ಹೆಚ್ಚಿವೆ.

ಇಷ್ಟರವರೆಗೆ ಪಟ್ಟಿ ಸಲೀಸಾಗಿ ಸಾಗಿತು. ನಿಂತದ್ದು ಗಾಳದ ಹತ್ತಿರ. ಯಾವ ಗಾಳ ಕೊಳ್ಳಬೇಕು? ಮೀನನ್ನು ಹಿಡಿದು ಮತ್ತೆ ನೀರಿಗೆ ಬಿಡುವುದಾದರೆ ಮುಳ್ಳಿಲ್ಲದ ಗಾಳ, ಹೊಳೆಯುವ ಲೋಹದ ಸುಳ್ಳು ಮೀನು ಬೇಕು. ಎರೆಹುಳು ಸಿಕ್ಕಿಸಿದರೆ ಟ್ರೌಟು ಅದನ್ನು ಗಂಟಲಿನವರೆಗೆ ನುಂಗಿಬಿಡುತ್ತದೆ, ಬಿಟ್ಟರೂ ಬದುಕುವುದು ಕಷ್ಟ. ಅಂದಮೇಲೆ ಹಿಡಿದ ಮೀನನ್ನು ಏನು ಮಾಡುತ್ತೇವೆ ಎಂಬುದನ್ನು ಅಂಗಡಿಗೆ ಹೋಗುವ ಮೊದಲೇ ತೀರ್ಮಾನಿಸಬೇಕು.

ನಾವಿಬ್ಬರೂ ಸಸ್ಯಾಹಾರಿಗಳು. ಮಗನೂ ಮೊಮ್ಮಗನೂ ಹೊರಗೆ ಮೀನು ತಿನ್ನುತ್ತಾರೆ, ಅದು ಮುಚ್ಚಿಟ್ಟ ಮಾತೇನಲ್ಲ. ಇವಳು ಹಿಡಿದು ಬಿಡುವ ಕಡೆಗೇ ಹೇಳುತ್ತಾಳೆ ಎಂದುಕೊಂಡಿದ್ದೆ. "ರೀ, ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿದವಳು ನಾನು. ತಿನ್ನುವವರು ಹಿಡಿಯಲಿ, ಅದು ಅವರ ಊಟ. ಬರೀ ಆಟಕ್ಕೆ ಅದರ ಬಾಯಿ ಚುಚ್ಚಿ, ಫೋಟೋ ತೆಗೆದು ಬಿಡುವುದು ಯಾವ ದಯೆ?" ಎಂದಳು. ಒದ್ದೆ ಕೈಯಲ್ಲಿ ಹಿಡಿದು, ನೀರಿನೊಳಗೇ ಗಾಳ ಬಿಡಿಸಿದರೆ ಹೆಚ್ಚಿನ ಮೀನು ಬದುಕುತ್ತವೆ ಎಂದು ಮಗ ವಾದಿಸಿದ. ಅದೂ ನಿಜವೇ. ಆದರೆ ನನ್ನ ಮನಸ್ಸು ಇವಳ ಕಡೆಗೆ ವಾಲಿತು. ಚಿಕ್ಕಂದಿನಲ್ಲಿ, ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಏರಿ ಬರುವ ಹತ್ತುಮೀನನ್ನು ನಮ್ಮೂರಿನವರು ಲಾಟೀನು ಹಿಡಿದು ಕಡಿಯುತ್ತಿದ್ದುದನ್ನು ನೋಡಿದ್ದೇನೆ. ಮನೆಗೊಂದು ಸಾರಿಗಾಗುವಷ್ಟು ಸಿಕ್ಕಿದರೆ ಹೊರಟುಬಿಡುತ್ತಿದ್ದರು.

ಕೊನೆಗೆ ಹೀಗೆ ಬರೆದುಕೊಂಡೆವು. ಎರೆಹುಳುವೇ. ಆದರೆ ಅದರ ಡಬ್ಬಿ ಮನೆಯ ಫ್ರಿಜ್ಜಿಗೆ ಬರಕೂಡದು, ಕೆರೆಯ ಪಕ್ಕದ ಅಂಗಡಿಯಲ್ಲೇ ಕೊಳ್ಳುವುದು. ಮೀನು ಎರಡೇ. ಐದಕ್ಕೆ ಅವಕಾಶವಿದ್ದರೂ ತಿನ್ನುವ ಬಾಯಿ ಎರಡು. ಎರಡಾದ ಕೂಡಲೇ ಗಾಳ ಸುತ್ತಿಡಬೇಕು. ಹುರಿಯಲು ಬೇರೆ ಬಾಣಲೆ. ಬೆಳಿಗ್ಗೆ ಬಿಸಿಲೇರುವ ಮೊದಲು ದಡದಿಂದಲೇ ಹಿಡಿಯುವುದು. ಟ್ರೌಟಿಗೆ ತಣ್ಣೀರು ಬೇಕು, ಬಿಸಿಲಾದರೆ ಆಳಕ್ಕೆ ಇಳಿಯುತ್ತದೆ.

ದೋಣಿಯನ್ನು ನಾನೇ ಹೊಡೆದು ಹಾಕಿದೆ. ಹಿಮ ಕರಗಿ ಬರುವ ನೀರು, ಬಿದ್ದರೆ ಈಜು ಬಲ್ಲವರ ಕೈಕಾಲೂ ಮರಗಟ್ಟುತ್ತದೆ. 1990ರ ಫೆಬ್ರವರಿಯಲ್ಲಿ ಇದೇ ಕೆರೆಯ ಮೇಲೆ ಕಟ್ಟಿದ ಮಂಜುಗಡ್ಡೆ ಒಡೆದು ಮೂವರು ಹುಡುಗರೂ ಅವರನ್ನು ಉಳಿಸಲು ಹೋದ ನಾಲ್ವರೂ ತೀರಿಕೊಂಡರು. ಅದನ್ನು ಹುಡುಗನಿಗೆ ಓದಿ ಹೇಳಿದೆ. ದಡದಲ್ಲೂ ಲೈಫ್ ಜಾಕೆಟ್ ಹಾಕಿಕೊಳ್ಳುತ್ತೇನೆಂದು ತಾನಾಗಿ ಒಪ್ಪಿದ.

ಅವನ ಪಟ್ಟಿಯಲ್ಲಿಲ್ಲದ ಒಂದು ಸಾಲನ್ನು ನಾನು ಸೇರಿಸಿದೆ. ಮೀನು ದಡಕ್ಕೆ ಬಂದಮೇಲೆ ಒದ್ದಾಡಲು ಬಿಡಬಾರದು. ತಲೆಗೆ ಗಟ್ಟಿಯಾಗಿ ಒಂದೇ ಪೆಟ್ಟು ಹಾಕಿ ಮುಗಿಸಬೇಕು. ಅದಕ್ಕೊಂದು ಪುಟ್ಟ ಮರದ ಕೊಡತಿ. ಓದಿದವನು ಬಹಳ ಹೊತ್ತು ಸುಮ್ಮನಿದ್ದ.

"ನಾನೇ ಮಾಡಬೇಕಾ ಅಜ್ಜ?"

"ಮೊದಲನೆಯದನ್ನು ಅಪ್ಪ ಮಾಡಲಿ, ನೀನು ಪಕ್ಕದಲ್ಲಿ ನಿಂತು ನೋಡು. ಎರಡನೆಯದು ಬೇಡ ಅನ್ನಿಸಿದರೆ ಗಾಳ ಸುತ್ತಿಡೋಣ. ಕೆರೆ ಸುತ್ತ ದಾರಿ ಇದೆ, ಎಲ್ಲರೂ ಒಂದು ಸುತ್ತು ಬರೋಣ."

ಅವನು ಪೆನ್ಸಿಲ್ ತೆಗೆದುಕೊಂಡು 'ಮೀನು: 2' ಎಂದಿದ್ದ ಕಡೆ '1 ಅಥವಾ 2' ಎಂದು ತಿದ್ದಿದ. ಶುಕ್ರವಾರ ನಸುಕಿಗೆ ಹೊರಡುವುದು. ಅಜ್ಜಿ ದಾರಿಗೆ ಪುಳಿಯೋಗರೆ ಗೊಜ್ಜು ಕುದಿಸುತ್ತಿದ್ದಾಳೆ.