ಲಿನಕ್ಸ್ ಪ್ಯಾಕೇಜ್‌ಗಳ ಅವಲಂಬನೆ: ತೊಡಕು ಮತ್ತು ಪರಿಹಾರ

ನಿಮ್ಮ ಶಾಲೆಯಲ್ಲಿ ಉಬುಂಟು ಲಿನಕ್ಸ್ ಇರುವ ಒಂದು ಕಂಪ್ಯೂಟರ್ ಇದೆ, ಆದರೆ ಅಂತರಜಾಲ ಸಂಪರ್ಕವಿಲ್ಲ ಎಂದುಕೊಳ್ಳಿ. ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಬೆರಳಚ್ಚಿಸಲು ‘ಐಬಸ್-ಎಂ17ಎನ್’ ಎಂಬ ತಂತ್ರಾಂಶ ಬೇಕಾಗಿದೆ. ಬೇರೆಡೆ ಅದರ ಕಡತವನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು ಬಂದು ಇನ್‌ಸ್ಟಾಲ್ ಮಾಡಲು ಹೊರಡುತ್ತೀರಿ. ಪರದೆಯ ಮೇಲೆ ಇಂಗ್ಲಿಷಿನ ನಾಲ್ಕಾರು ಸಾಲುಗಳು ಮೂಡುತ್ತವೆ. ಅವುಗಳ ತಾತ್ಪರ್ಯ ಇಷ್ಟೆ: ‘ಈ ಪ್ಯಾಕೇಜ್ ಇನ್ನೊಂದನ್ನು ಅವಲಂಬಿಸಿದೆ, ಆ ಇನ್ನೊಂದು ಇಲ್ಲಿಲ್ಲ.’ ಅನೇಕರು ಇಲ್ಲಿಗೇ ಕೈಚೆಲ್ಲುತ್ತಾರೆ, ಲಿನಕ್ಸ್ ನಮಗಲ್ಲ ಎಂದುಬಿಡುತ್ತಾರೆ. ವಾಸ್ತವವಾಗಿ ಇಲ್ಲಿ ಏನೂ ಕೆಟ್ಟಿಲ್ಲ. ತನಗೆ ಏನು ಬೇಕೆಂಬುದನ್ನು ಕಂಪ್ಯೂಟರ್ ಹೆಸರು ಹಿಡಿದು ಹೇಳುತ್ತಿದೆ.

ಒಂದು ತಂತ್ರಾಂಶ ಇನ್ನೊಂದನ್ನು ಏಕೆ ಅವಲಂಬಿಸಬೇಕು? ಅಕ್ಷರ ಮೂಡಿಸುವುದು, ಚಿತ್ರ ಬಿಡಿಸುವುದು, ಮಾಹಿತಿಯನ್ನು ಗೂಢಲಿಪಿಗೆ ಬದಲಿಸುವುದು ಮುಂತಾದ ಕೆಲಸಗಳು ನೂರಾರು ತಂತ್ರಾಂಶಗಳಿಗೆ ಸಮಾನ. ಪ್ರತಿಯೊಂದೂ ಇವನ್ನೆಲ್ಲ ಹೊತ್ತು ತರುವ ಬದಲು, ಈ ಕೆಲಸಗಳನ್ನು ‘ಲೈಬ್ರರಿ’ ಎಂಬ ಪ್ರತ್ಯೇಕ ಕಡತಗಳಲ್ಲಿಟ್ಟು ಎಲ್ಲವೂ ಹಂಚಿಕೊಳ್ಳುತ್ತವೆ. ಡಿಸ್ಕಿನಲ್ಲಿ ಒಂದೇ ಪ್ರತಿ ಸಾಕು. ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ಗಂಭೀರ ದೋಷ ಬಯಲಾಯಿತು. ಆಗ ಆ ಲೈಬ್ರರಿಯೊಂದನ್ನು ಬದಲಿಸಿ ಸೇವೆಗಳನ್ನು ಮರುಚಾಲನೆ ಮಾಡಿದರೆ, ಅದನ್ನು ಹಂಚಿಕೊಂಡಿದ್ದ ಎಲ್ಲ ತಂತ್ರಾಂಶಗಳಲ್ಲೂ ದೋಷ ನಿವಾರಣೆಯಾಗುತ್ತಿತ್ತು. ಈ ಅನುಕೂಲಕ್ಕೆ ನಾವು ತೆರುವ ಬೆಲೆಯೇ ಅವಲಂಬನೆ.

ನಮ್ಮ ಉದಾಹರಣೆಯನ್ನೇ ನೋಡಿ. ಕೀಲಿ ಒತ್ತಿದ್ದನ್ನು ಗ್ರಹಿಸಿ ಇತರ ತಂತ್ರಾಂಶಗಳಿಗೆ ತಲಪಿಸುವುದು ಐಬಸ್. ಅಕ್ಷರ ಸಂಯೋಜನೆಯ ನಿಯಮಗಳನ್ನು ನಡೆಸುವುದು ಎಂ17ಎನ್ ಲೈಬ್ರರಿ. ಯಾವ ಕೀಲಿಗೆ ಯಾವ ಅಕ್ಷರ ಎಂಬ ಪಟ್ಟಿಗಳು, ಕನ್ನಡದವೂ ಸೇರಿ, ಇರುವುದು ಮತ್ತೊಂದು ಪ್ಯಾಕೇಜಿನಲ್ಲಿ. ಐಬಸ್-ಎಂ17ಎನ್ ಇವುಗಳ ನಡುವಿನ ಕೊಂಡಿ ಮಾತ್ರ. ಕೊಂಡಿಯೊಂದನ್ನೇ ಪೆನ್ ಡ್ರೈವಿನಲ್ಲಿ ತಂದರೆ ಅದು ಯಾವುದನ್ನು ಜೋಡಿಸೀತು?

ಉಬುಂಟು ಮತ್ತು ಅದರ ಮೂಲವಾದ ಡೆಬಿಯನ್‌ನಲ್ಲಿ ಪ್ರತಿ ಪ್ಯಾಕೇಜಿನೊಳಗೂ ಒಂದು ವಿವರಪಟ್ಟಿ ಇರುತ್ತದೆ: ಹೆಸರು, ಆವೃತ್ತಿ, ಯಾವ ಬಗೆಯ ಪ್ರೊಸೆಸರಿಗೆ, ಏನೇನು ಬೇಕು. ‘ಡಿಪಿಕೆಜಿ’ ಎಂಬ ಸಾಧನ ಈ ಪಟ್ಟಿಯನ್ನು ಓದಿ, ಬೇಕಾದುದು ಇಲ್ಲದಿದ್ದರೆ ದೂರುತ್ತದೆ; ತಾನೇ ಹೋಗಿ ತರುವುದಿಲ್ಲ. ಆ ಕೆಲಸಕ್ಕೆ ಇರುವುದು ‘ಆಪ್ಟ್’. 1999ರಲ್ಲಿ ಡೆಬಿಯನ್ 2.1ರೊಡನೆ ಬಂದ ಇದು ತಂತ್ರಾಂಶ ಭಂಡಾರದ ಸೂಚಿಯನ್ನು ನೋಡಿ, ಬೇಕಾದ ಎಲ್ಲವನ್ನೂ ಲೆಕ್ಕಹಾಕಿ, ಇಳಿಸಿಕೊಂಡು, ಸರಿಯಾದ ಕ್ರಮದಲ್ಲಿ ಡಿಪಿಕೆಜಿಗೆ ಒಪ್ಪಿಸುತ್ತದೆ. ಫೆಡೋರಾದಲ್ಲಿ ಈ ಇಬ್ಬರ ಪಾತ್ರ ಕ್ರಮವಾಗಿ ಆರ್‌ಪಿಎಂ ಮತ್ತು ಡಿಎನ್‌ಎಫ್‌ಗಳದು. ಲೆಕ್ಕ ಕಾಣುವಷ್ಟು ಸುಲಭವಲ್ಲ. 2023ರ ಡೆಬಿಯನ್ 12ರಲ್ಲಿ 64 ಸಾವಿರಕ್ಕೂ ಹೆಚ್ಚು ಪ್ಯಾಕೇಜ್‌ಗಳಿದ್ದವು. ‘ಇದು ಅಥವಾ ಅದು’, ‘ಇದಿದ್ದರೆ ಅದು ಬೇಡ’ ಎಂಬ ಷರತ್ತುಗಳೂ ಸೇರಿದಾಗ ಸಮಸ್ಯೆ ಗಣಕವಿಜ್ಞಾನದಲ್ಲಿ ‘ಎನ್‌ಪಿ-ಕಂಪ್ಲೀಟ್’ ಎನ್ನುವ ಕಠಿಣ ವರ್ಗಕ್ಕೆ ಸೇರುತ್ತದೆ.

ಅಂತರಜಾಲ ಇದ್ದರೆ ದಾರಿ ನೇರ. (ಆದೇಶಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.) ಮೊದಲು ‘ಸುಡೊ ಆಪ್ಟ್ ಅಪ್‌ಡೇಟ್’ ಎಂದು ಸೂಚಿಯನ್ನು ನವೀಕರಿಸಿ, ಎಷ್ಟೋ ಬಾರಿ ಹಳೆಯ ಸೂಚಿಯೇ ತೊಡಕಿನ ಮೂಲ. ನಂತರ ‘ಸುಡೊ ಆಪ್ಟ್ ಇನ್‌ಸ್ಟಾಲ್’ ಎಂದು ಪ್ಯಾಕೇಜಿನ ಹೆಸರು ಕೊಡಿ. ಕಡತ ಕೈಯಲ್ಲಿದ್ದರೂ ಆಪ್ಟ್‌ಗೇ ಕೊಡಿ. ಕಡತದ ಹೆಸರಿನ ಮುಂದೆ ಒಂದು ಚುಕ್ಕಿ ಮತ್ತು ಓರೆಗೆರೆ ಇರಲಿ, ಇಲ್ಲದಿದ್ದರೆ ಆಪ್ಟ್ ಅದನ್ನು ಭಂಡಾರದಲ್ಲಿ ಹುಡುಕುತ್ತದೆ. ಡಿಪಿಕೆಜಿ ಬಳಸಿ ಈಗಾಗಲೇ ಅರ್ಧಕ್ಕೆ ನಿಂತಿದ್ದರೆ ‘ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’ ಎನ್ನಿ. ಎಚ್ಚರ: ದುರಸ್ತಿಯ ದಾರಿಯಾಗಿ ಆಪ್ಟ್ ಕೆಲವು ಪ್ಯಾಕೇಜ್‌ಗಳನ್ನು ತೆಗೆದುಹಾಕಲೂ ಸೂಚಿಸಬಹುದು. ಆ ಪಟ್ಟಿಯನ್ನು ಓದದೆ ‘ವೈ’ ಒತ್ತಬೇಡಿ.

ಒಮ್ಮೆ ನಮ್ಮ ವಿಭಾಗದ ವಿದ್ಯಾರ್ಥಿಯೊಬ್ಬ ನಕ್ಷೆ ಬಿಡಿಸುವ ತಂತ್ರಾಂಶವೊಂದನ್ನು ‘--ಫೋರ್ಸ್-ಡಿಪೆಂಡ್ಸ್’ ಎಂದು ಬಲವಂತವಾಗಿ ತುರುಕಿದ. ಐಕಾನ್ ಬಂತು, ತಂತ್ರಾಂಶ ತೆರೆಯಲಿಲ್ಲ. ಮರುವಾರ ಬೇರಾವುದೋ ಪ್ಯಾಕೇಜ್ ಹಾಕಲು ಹೋದರೆ ಆಪ್ಟ್ ಅದಕ್ಕೂ ಒಪ್ಪಲಿಲ್ಲ: ಮೊದಲು ಹಳೆಯದನ್ನು ಸರಿಪಡಿಸಿ ಎಂದಿತು. ಅದನ್ನು ಬಿಡಿಸುವುದರಲ್ಲಿ ಒಂದು ಮಧ್ಯಾಹ್ನ ಕಳೆಯಿತು. ಇಂಥಲ್ಲಿ ‘ಎಲ್‌ಡಿಡಿ’ ಎಂಬ ಆದೇಶಕ್ಕೆ ತಂತ್ರಾಂಶದ ಕಡತವನ್ನು ಕೊಟ್ಟರೆ, ಯಾವ ಲೈಬ್ರರಿ ‘ನಾಟ್ ಫೌಂಡ್’ ಎಂದು ತೋರಿಸುತ್ತದೆ.

ಇದಕ್ಕಿಂತ ಅಪಾಯಕಾರಿ ಉಪಾಯ ಇನ್ನೊಂದಿದೆ. ತಂತ್ರಾಂಶ ಕೇಳುವ ಲೈಬ್ರರಿಯ ಹೆಸರನ್ನು ಬೇರೆ ಆವೃತ್ತಿಯ ಕಡತಕ್ಕೆ ಅಂಟಿಸಿ ನಂಬಿಸುವುದು. ಲೈಬ್ರರಿಯ ಹೆಸರಿನ ಕೊನೆಯ ಅಂಕೆ ಅಲಂಕಾರಕ್ಕಿರುವುದಲ್ಲ. ತಂತ್ರಾಂಶದೊಡನೆ ವ್ಯವಹರಿಸುವ ಒಪ್ಪಂದ ಬದಲಾದಾಗ ಅದು ಬದಲಾಗಬೇಕು. ಹಳೆಯ ಒಪ್ಪಂದದಂತೆ ಎಂಟನೆಯ ಬೈಟಿನಲ್ಲಿದ್ದ ಸಂಖ್ಯೆ ಹೊಸದರಲ್ಲಿ ಹದಿನಾರನೆಯದರಲ್ಲಿದ್ದರೆ, ತಂತ್ರಾಂಶ ಓದುವುದು ಬೇರೆಯದನ್ನು. ಅದು ಕುಸಿದು ಬಿದ್ದರೆ ನಮ್ಮ ಪುಣ್ಯ. ಕುಸಿಯದೆ ತಪ್ಪು ಅಂಕಿಗಳನ್ನು ಕೊಟ್ಟು, ವಿದ್ಯಾರ್ಥಿ ಅವನ್ನು ಪ್ರಯೋಗ ವರದಿಗೆ ಇಳಿಸಿದರೆ?

ಕೆಲವೊಮ್ಮೆ ಕೇಳಿದ್ದು ಭಂಡಾರದಲ್ಲೇ ಇರುವುದಿಲ್ಲ. 2022ರ ಉಬುಂಟು 22.04 ಓಪನ್‌ಎಸ್‌ಎಸ್‌ಎಲ್ 3ಕ್ಕೆ ಸಾಗಿತು. ಹಿಂದೆ ತಯಾರಾದ ಪ್ಯಾಕೇಜ್‌ಗಳು ಕೇಳುವ ‘ಲಿಬ್‌ಎಸ್‌ಎಸ್‌ಎಲ್1.1’ ಅದರಲ್ಲಿಲ್ಲ. ಎಲ್ಲಿಂದಲೋ ಅದನ್ನು ಹೆಕ್ಕಿ ತಂದು ಹಾಕಲು ಸಾಧ್ಯ. ಆದರೆ 1.1.1 ಆವೃತ್ತಿಗೆ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರ್ 11ಕ್ಕೆ ಮುಗಿದಿದೆ; ಮುಂದೆ ದೋಷ ಕಂಡರೆ ನಿಮ್ಮ ಯಂತ್ರಕ್ಕೆ ತಿದ್ದುಪಡಿ ತಾನಾಗಿ ಬರುವುದಿಲ್ಲ. ನಿಮ್ಮ ಉಬುಂಟುವಿಗೆಂದೇ ತಯಾರಾದ ಪ್ಯಾಕೇಜನ್ನು ಹುಡುಕುವುದೇ ಸರಿ.

ಇನ್ನು ಅಂತರಜಾಲವಿಲ್ಲದ ಶಾಲೆಯ ಕಂಪ್ಯೂಟರ್. ಅದೇ ಉಬುಂಟು ಆವೃತ್ತಿ, ಅದೇ ಬಗೆಯ ಪ್ರೊಸೆಸರ್ ಇರುವ, ಸಂಪರ್ಕವುಳ್ಳ ಇನ್ನೊಂದು ಕಂಪ್ಯೂಟರನ್ನು ಹುಡುಕಿ. ಅಲ್ಲಿ ‘ಸುಡೊ ಆಪ್ಟ್-ಗೆಟ್ --ಡೌನ್‌ಲೋಡ್-ಓನ್ಲಿ ಇನ್‌ಸ್ಟಾಲ್’ ಎಂದು ಪ್ಯಾಕೇಜಿನ ಹೆಸರು ಕೊಟ್ಟರೆ, ಅದೂ ಅದರ ಅವಲಂಬನೆಗಳೂ ‘ವಾರ್/ಕ್ಯಾಶ್/ಆಪ್ಟ್/ಆರ್ಕೈವ್ಸ್’ ಫೋಲ್ಡರಿಗೆ ಇಳಿಯುತ್ತವೆ. ಆ ಯಂತ್ರದಲ್ಲಿ ಈಗಾಗಲೇ ಇರುವುದು ಮಾತ್ರ ಇಳಿಯುವುದಿಲ್ಲ. ಆದ್ದರಿಂದ ಹೆಚ್ಚೇನೂ ಸೇರಿಸದ, ಹೊಸದಾಗಿ ಉಬುಂಟು ಹಾಕಿದ ಯಂತ್ರವಾದರೆ ಒಳ್ಳೆಯದು. ಇಳಿದ ಕಡತಗಳನ್ನೆಲ್ಲ ಪೆನ್ ಡ್ರೈವಿನಲ್ಲಿ ತಂದು, ಶಾಲೆಯ ಕಂಪ್ಯೂಟರಿನ ಒಂದು ಫೋಲ್ಡರಿಗೆ ಹಾಕಿ, ಎಲ್ಲವನ್ನೂ ಒಟ್ಟಿಗೆ ಆಪ್ಟ್‌ಗೆ ಕೊಡಿ. ಯಾವುದು ಮೊದಲು ಎಂಬುದನ್ನು ಅದೇ ನೋಡಿಕೊಳ್ಳುತ್ತದೆ. ಒಮ್ಮೆ ಲಾಗ್ ಔಟ್ ಆಗಿ ಮತ್ತೆ ಒಳಬನ್ನಿ. ಕೀಲಿಮಣೆಯ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಕಗಪ ವಿನ್ಯಾಸವನ್ನು ಆಯ್ದುಕೊಂಡರೆ ಪ್ರಶ್ನೆಪತ್ರಿಕೆಯನ್ನು ಆರಂಭಿಸಬಹುದು.