ಮರದ ಮೇಲಿನ ಬೆಳವಣಿಗೆ: ಯಾವುದನ್ನು ಬಿಡಬೇಕು, ಯಾವುದನ್ನು ಕಡಿಯಬೇಕು?

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ರೈತರಿಗೆ ಬದುವಿನ ಬೇವು, ಹೊಂಗೆ, ಹುಣಸೆ ಹಾಗೂ ತೋಟದ ಮಾವು ದೊಡ್ಡ ಆಸ್ತಿ. ಈ ಮರಗಳ ಮೇಲೆ ಕಾಣುವ ಗಂಟು, ಅಣಬೆ, ಬದನಿಕೆಗಳೆಲ್ಲ ಒಂದೇ ಬಗೆಯವಲ್ಲ. ಅವುಗಳನ್ನು ಗುರುತಿಸದೆ ಔಷಧಿ ಸಿಂಪಡಿಸಿದರೆ ಹಣ ವ್ಯರ್ಥ.

ಹಾನಿ ಕಡಿಮೆ ಇರುವವು: ತೊಗಟೆಯ ಮೇಲಿನ ಬೂದು ಬಣ್ಣದ ಮಚ್ಚೆಗಳು ಕಲ್ಲುಹೂವಿನ ಜಾತಿಯವು. ಇವು ಮರದ ರಸ ಹೀರುವುದಿಲ್ಲ. ಹೊಂಗೆ ಎಲೆಯ ಮೇಲಿನ ಗಂಟುಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ಕಾರಣ. ಬೆಳೆದ ಮರಕ್ಕೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಸಸಿಗಳಲ್ಲಿ ಕಂಡರೆ ಅಂಥ ಎಲೆಗಳನ್ನು ಕಿತ್ತು ಸುಡಬೇಕು.

ಬದನಿಕೆ: ಇದು ಶಿಲೀಂಧ್ರವಲ್ಲ, ಹೂ ಬಿಡುವ ಪರಾವಲಂಬಿ ಸಸ್ಯ. ಹಸಿರೆಲೆಗಳಿಂದ ಆಹಾರ ತಯಾರಿಸಿಕೊಂಡರೂ ನೀರು ಮತ್ತು ಲವಣಗಳನ್ನು ಮರದಿಂದಲೇ ಹೀರುತ್ತದೆ. ಇದರಿಂದ ಆ ಕೊಂಬೆಯ ತುದಿ ಸೊರಗಿ ಫಸಲು ಕುಗ್ಗುತ್ತದೆ. ಹಣ್ಣು ತಿಂದ ಬದನಿಕೆ ಹಕ್ಕಿಗಳು ಅಂಟುಳ್ಳ ಬೀಜವನ್ನು ಬೇರೆ ಕೊಂಬೆಗಳಿಗೆ ಹಚ್ಚುತ್ತವೆ. ಆದ್ದರಿಂದ ಹಣ್ಣಾಗುವ ಮೊದಲೇ ಕಡಿಯುವುದು ಅವಶ್ಯ. ಬದನಿಕೆಯನ್ನಷ್ಟೇ ಸವರಿದರೆ ಮತ್ತೆ ಚಿಗುರುತ್ತದೆ. ಅದು ಅಂಟಿಕೊಂಡ ಜಾಗದಿಂದ ಸುಮಾರು ಒಂದು ಅಡಿ ಕೆಳಗೆ ಕೊಂಬೆಯನ್ನೇ ಗರಗಸದಿಂದ ಕೊಯ್ದು, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು. ಇದಕ್ಕೆ 1 ಕಿ.ಗ್ರಾಂ ಮೈಲುತುತ್ತ ಮತ್ತು 1 ಕಿ.ಗ್ರಾಂ ಸುಣ್ಣವನ್ನು 5 ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ, ನಂತರ ಕೂಡಿಸಬೇಕು. ಕಬ್ಬಿಣದ ಪಾತ್ರೆ ಬಳಸಬಾರದು.

ಬುಡದ ಅಣಬೆ: ಇದು ಎಲ್ಲಕ್ಕಿಂತ ಅಪಾಯಕಾರಿ. ಹೊಂಗೆ, ಹುಣಸೆ, ಜಾಲಿ ಮರಗಳ ಬುಡದಲ್ಲಿ ಅರ್ಧ ತಟ್ಟೆಯಂತೆ ಚಾಚಿದ, ಮೇಲೆ ಕಂದುಗೆಂಪಾಗಿ ಹೊಳೆಯುವ, ಕೆಳಗೆ ಬೆಳ್ಳಗಿರುವ ಗಟ್ಟಿ ಅಣಬೆಯೇ ಗ್ಯಾನೋಡರ್ಮ. ಶಿಲೀಂಧ್ರವು ಬೇರು ಮತ್ತು ಬುಡದ ಕಟ್ಟಿಗೆಯನ್ನು ಒಳಗೊಳಗೇ ಕೊಳೆಸಿದ ನಂತರವೇ ಅಣಬೆ ಹೊರಬರುತ್ತದೆ. ಅದನ್ನು ಕಿತ್ತ ಮಾತ್ರಕ್ಕೆ ಮರ ಉಳಿಯದು. ಎಲೆ ಹಸಿರಾಗಿದ್ದರೂ ಇಂಥ ಮರ ಬಿರುಗಾಳಿಗೆ ಬುಡಮೇಲಾಗಬಹುದು. ಮನೆ, ದನದ ಕೊಟ್ಟಿಗೆ, ಕಣ ಅಥವಾ ದಾರಿಯ ಪಕ್ಕದಲ್ಲಿದ್ದರೆ ಮುಂಗಾರು ಗಾಳಿ ಏಳುವ ಮೊದಲೇ ಅನುಮತಿ ಪಡೆದು ತೆಗೆಸುವುದು ಕ್ಷೇಮ. ಬುಡ ಮತ್ತು ಬೇರುಗಳನ್ನೂ ಅಗೆದು ಸುಡಬೇಕು. ಬೇರಿಗೆ ಬೇರು ತಾಗಿ ರೋಗ ಪಕ್ಕದ ಮರಕ್ಕೆ ಹರಡುತ್ತದೆ.

ಈ ಶಿಲೀಂಧ್ರ ಒಳಹೊಗುವುದು ಗಾಯಗಳ ಮೂಲಕ. ಬುಡದಲ್ಲಿ ಕಸ ಸುಡದೆ, ಕಾಂಡಕ್ಕೆ ಮೊಳೆ ಹೊಡೆಯದೆ, ನೇಗಿಲಿನಿಂದ ಬೇರು ಕಡಿಯದೆ ಕಾಪಾಡಿದರೆ ರೋಗಕ್ಕೆ ದಾರಿ ಕಡಿಮೆಯಾಗುತ್ತದೆ.